ಕಾರ್ಬುರೇಟರಿನ ಎರಡು ಸ್ಕ್ರೂಗಳು

(ಭಾನುವಾರ ಪೂಜೆಯ ನಂತರ ನಡೆದ ಕಾರ್ಮಿಕ ಕೂಟದಲ್ಲಿ ನಮ್ಮ ಉಪದೇಶಿಯವರು ಮಾಡಿದ ಭಾಷಣ)



ಈ ಸಲ ಬೋನಸ್ಸಿನ ಲೆಕ್ಕದ ಬಗ್ಗೆ ಮಾತನಾಡಿ ಎಂದು ಕೆಲವರು ಕೇಳಿದ್ದರು. ಗಾಡಿಯ ಬಗ್ಗೆ ಮಾತನಾಡಿ ಎಂದು ಅದಕ್ಕಿಂತ ಹೆಚ್ಚು ಮಂದಿ ಕೇಳಿದರು. ಬೋನಸ್ಸಿನ ಲೆಕ್ಕ ಮುಂದಿನ ಕೂಟಕ್ಕೆ ಇರಲಿ. ಉಪದೇಶಿಗೂ ಕಾರ್ಬುರೇಟರಿಗೂ ಏನು ಸಂಬಂಧ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಿದ್ದಾರೆ. ಸಂಬಂಧ ಇದೆ ತಮ್ಮ. ಒಂದೊಂದು ರೂಪಾಯಿ ಕೂಲಿ ಹೆಚ್ಚಿಸಲು ಯೂನಿಯನ್ನಿನವರು ತಿಂಗಳುಗಟ್ಟಲೆ ಮಾತುಕತೆಗೆ ಕೂರುತ್ತೇವೆ. ಆ ರೂಪಾಯಿ ಸೈಲೆನ್ಸರಿನಿಂದ ಕರಿ ಹೊಗೆಯಾಗಿ ಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು. ಅದಕ್ಕಿಂತಲೂ ಹೆಚ್ಚಿನ ಇನ್ನೊಂದು ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಲೈನುಗಳಲ್ಲಿ ಇರುವ ಗಾಡಿಗಳು ಬಹುಪಾಲು ಹಳೆಯವು. ಮೈಸೂರಿನಲ್ಲೋ ಮೇಟುಪಾಳ್ಯದಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡು ತಂದವು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇಲ್ಲ. ಅವುಗಳಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸವನ್ನು ಒಂದು ಸಣ್ಣ ಕಂಪ್ಯೂಟರು ಮಾಡುತ್ತದೆ. ಅಂಥ ಗಾಡಿ ಇರುವವರು ಇವತ್ತು ಹಾಯಾಗಿ ಕಾಫಿ ಕುಡಿಯಬಹುದು. ಉಳಿದವರು, 1980ರಲ್ಲಿ ಹೊಸೂರಿನಿಂದ ಹೊರಟ ಟಿ.ವಿ.ಎಸ್. 50ರ ಮಕ್ಕಳು ಮೊಮ್ಮಕ್ಕಳನ್ನೂ ಹಳೆಯ ಬಜಾಜ್ ಸ್ಕೂಟರನ್ನೂ ನೂರು ಸಿ.ಸಿ. ಬೈಕುಗಳನ್ನೂ ಇಟ್ಟುಕೊಂಡವರು, ಸ್ವಲ್ಪ ಹತ್ತಿರ ಬನ್ನಿ.

ಮೊದಲು ಕಾರ್ಬುರೇಟರ್ ಮಾಡುವ ಕೆಲಸವೇನು ಎಂದು ತಿಳಿಯಬೇಕು. ಪೆಟ್ರೋಲ್ ಮಾತ್ರ ಉರಿಯುವುದಿಲ್ಲ, ಅದಕ್ಕೆ ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ. ಕರೆಂಟ್ ಹೋದಾಗ ಲಾಟೀನು ಹಚ್ಚುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. ಬತ್ತಿ ಹೆಚ್ಚು ಏರಿಸಿದರೆ ಗಾಜು ಕಪ್ಪಾಗುತ್ತಿತ್ತು, ಇಳಿಸಿದರೆ ದೀಪ ಪುಕಪುಕ ಎಂದು ಆರುತ್ತಿತ್ತು. ಅಷ್ಟೇ ಇದು. ಪೆಟ್ರೋಲ್ ಹೆಚ್ಚಾದರೆ ಮಸಿ, ಗಾಳಿ ಹೆಚ್ಚಾದರೆ ತಡವರಿಕೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ದೀಪ ಆರಿದರೆ ಕತ್ತಲೆಯಷ್ಟೇ ಆಗುತ್ತದೆ. ಎಂಜಿನ್ನಿನಲ್ಲಿ ಗಾಳಿ ಹೆಚ್ಚಾದರೆ ಶಾಖ ಏರಿ ಪಿಸ್ಟನ್ ಹೋಗುತ್ತದೆ.

ಇದು ಪೆಟ್ರೋಲನ್ನು ಹೇಗೆ ಎಳೆಯುತ್ತದೆ ಎಂಬುದು ತೋಟದಲ್ಲಿ ಮದ್ದು ಹೊಡೆದವರಿಗೆ ಬೇಗ ಅರ್ಥವಾಗುತ್ತದೆ. ಹಿಂದೆ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪು ನೋಡಿದ್ದೀರಿ. ಗಾಳಿ ರಭಸದಿಂದ ಕೊಳವೆಯ ಬಾಯ ಮೇಲೆ ಹಾಯುತ್ತದೆ, ಕೆಳಗಿನ ಡಬ್ಬಿಯ ಎಣ್ಣೆ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ಕಾರ್ಬುರೇಟರಿನಲ್ಲೂ ಗಾಳಿಯ ದಾರಿ ನಡುವೆ ಸಪೂರವಾಗಿದೆ. ಪಿಸ್ಟನ್ ಎಳೆದ ಗಾಳಿ ಅಲ್ಲಿ ಜೋರಾಗಿ ಓಡುವಾಗ ಅಲ್ಲಿನ ಒತ್ತಡ ಇಳಿದು ಕೆಳಗಿನ ಬಟ್ಟಲಿನ ಪೆಟ್ರೋಲ್ ಮೇಲೇಳುತ್ತದೆ. ಬಟ್ಟಲಿನಲ್ಲಿ ಪೆಟ್ರೋಲ್ ಒಂದೇ ಮಟ್ಟದಲ್ಲಿ ಇರುವಂತೆ ಒಂದು ಫ್ಲೋಟ್ ನೋಡಿಕೊಳ್ಳುತ್ತದೆ. ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನಲ್ಲಿ ಮುಚ್ಚುವುದಿಲ್ಲವೇ, ಹಾಗೆ. ಪೆಟ್ರೋಲ್ ಬರುವ ತೂತುಗಳಿಗೆ ಜೆಟ್ ಎಂದು ಹೆಸರು. ಗಾಡಿ ನಿಂತಲ್ಲೇ ಓಡುವಾಗ ಚಿಕ್ಕದಾದ ಪೈಲಟ್ ಜೆಟ್, ನಡುವೇಗದಲ್ಲಿ ಮೇಲೆ ಕೆಳಗೆ ಸರಿಯುವ ನೀಡಲ್, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮೇನ್ ಜೆಟ್. ನಾವು ಹೊರಗಿನಿಂದ ತಿರುಗಿಸುವ ಸ್ಕ್ರೂಗೆ ಇವುಗಳಲ್ಲಿ ಮೊದಲನೆಯದರ ಮೇಲೆ ಮಾತ್ರ ಹೆಚ್ಚಿನ ಅಧಿಕಾರ. ಇದನ್ನು ತಿಳಿಯದೆ ಅರವತ್ತರ ವೇಗದಲ್ಲಿ ಬರುವ ತೊಂದರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾ ಸಂಜೆ ಮಾಡುವವರು ಇದ್ದಾರೆ.

ಈಗ ನಮ್ಮ ಬೆಟ್ಟದ ಮಾತು. ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ, ಗೂಡಲೂರು ಸುಮಾರು 3,500, ಊಟಿ 7,350ರ ಹತ್ತಿರ. ಮೇಲೆ ಹೋದಷ್ಟೂ ಗಾಳಿ ತೆಳು. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಊಟಿಯ ಗಾಳಿಯಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಆದರೆ ಜೆಟ್ಟಿನ ತೂತಿಗೆ ಬೆಟ್ಟ ಹತ್ತಿದ್ದು ಗೊತ್ತಾಗುವುದಿಲ್ಲ, ಅದು ಪೆಟ್ರೋಲನ್ನು ಹೆಚ್ಚು ಕಡಿಮೆ ಮೊದಲಿನಂತೆಯೇ ಕೊಡುತ್ತದೆ. ಆದ್ದರಿಂದ ಮೈಸೂರಿನಲ್ಲಿ ಮುತ್ತಿನಂತೆ ಓಡಿದ ಗಾಡಿ ನಡುವಟ್ಟದ ಏರು ಹತ್ತುವಾಗ ಹೊಗೆ ಕಾರಿ ಒರಲುತ್ತದೆ. ಗಾಡಿ ಮಾರಿದವನು ಮೋಸ ಮಾಡಿದ ಎಂದು ಅವನ ಮೇಲೆ ಜಗಳಕ್ಕೆ ಹೋಗಬೇಡಿ. ಮೋಸ ಇರಲೂಬಹುದು, ಆದರೆ ಇಷ್ಟೇ ಕಾರಣಕ್ಕೆ ಹಾಗೆಂದು ತೀರ್ಮಾನಿಸಲಾಗದು. ಗಾಳಿ ಕಡಿಮೆಯಾದ್ದರಿಂದ ಬಲವೂ ಸ್ವಲ್ಪ ಇಳಿದೇ ಇಳಿಯುತ್ತದೆ. ಯಾವ ಸ್ಕ್ರೂ ತಿರುಗಿಸಿದರೂ ಅದು ಪೂರ್ತಿ ವಾಪಸು ಬಾರದು.

ಇನ್ನು ಇದರ ಉಲ್ಟಾ. ನಾನು ಹೇಳುತ್ತೇನೆಂದ ದೊಡ್ಡ ಕಾರಣ ಇದೇ. ಪಕ್ಕದ ಡಿವಿಜನ್ನಿನ ಒಬ್ಬ ಹುಡುಗನಲ್ಲಿ ಹಳೆಯ ಟೂ ಸ್ಟ್ರೋಕ್ ಬೈಕ್ ಇತ್ತು. ಮೈಲೇಜ್ ಸಾಲದು ಎಂದು ಊಟಿಯ ಒಂದು ವರ್ಕ್‌ಶಾಪಿನಲ್ಲಿ ಮೇನ್ ಜೆಟ್ ಚಿಕ್ಕದು ಹಾಕಿಸಿದ, ನೀಡಲ್ ಇಳಿಸಿದ, ಏರ್ ಸ್ಕ್ರೂ ಬಿಚ್ಚಿಸಿದ. ಮೇಲೆ ಚೆನ್ನಾಗಿಯೇ ಓಡಿತು. ತಿಂಗಳ ಪೆಟ್ರೋಲ್ ಖರ್ಚು ಇಳಿಯಿತೆಂದು ಎಲ್ಲರಿಗೂ ಹೇಳಿಕೊಂಡು ಬಂದ. ಒಂದು ದಿನ ತಾಯಿಯ ಔಷಧಿಗೆಂದು ಮೈಸೂರಿಗೆ ಹೊರಟ. ಕೆಳಗೆ ಇಳಿದಂತೆ ಗಾಳಿ ದಪ್ಪವಾಯಿತು, ಪೆಟ್ರೋಲ್ ಬರುವ ತೂತು ಮಾತ್ರ ಚಿಕ್ಕದೇ ಉಳಿಯಿತು. ಗುಂಡ್ಲುಪೇಟೆ ದಾಟಿ ಬೇಗೂರಿನ ಕಡೆ ನೇರ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹೋಗುತ್ತಿದ್ದಾಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿತು. ಹಿಂದಿನ ಚಕ್ರ ಓಡುತ್ತಿದ್ದಂತೆಯೇ ನಿಂತಿತು. ಹಿಂದೆ ಲಾರಿ ಇರಲಿಲ್ಲ, ದೇವರ ದಯೆ. ಮೊಣಕೈ ಮೊಣಕಾಲು ಕಿತ್ತುಹೋದವು, ಔಷಧಿ ಆ ದಿನ ಬರಲಿಲ್ಲ. ಬೋರ್ ಮಾಡಿಸಿ ಪಿಸ್ಟನ್ ರಿಂಗು ಹಾಕಿಸಲು ಕೊಟ್ಟ ಹಣದಲ್ಲಿ ಅವನು ಉಳಿಸಿದ ಪೆಟ್ರೋಲಿನ ಹತ್ತು ಪಟ್ಟು ಕೊಳ್ಳಬಹುದಿತ್ತು.

ಟೂ ಸ್ಟ್ರೋಕಿಗೆ ಇದು ವಿಶೇಷವಾಗಿ ಅಪಾಯ. ಏಕೆಂದರೆ ಅದರ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗುತ್ತದೆ. ಪೆಟ್ರೋಲನ್ನು ಹಿಡಿದುಕೊಂಡರೆ ಎಣ್ಣೆಯನ್ನೂ ಹಿಡಿದುಕೊಂಡಂತೆ. ಕಂಪನಿಯ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅಷ್ಟು 2ಟಿ ಆಯಿಲ್ ಹಾಕಿ. ಲೀಟರಿಗೆ 20 ಮಿ.ಲೀ. ಎಂದರೆ 50ಕ್ಕೆ 1 ಎಂದರ್ಥ, ಕಣ್ಣಳತೆ ಬೇಡ. ಹತ್ತು ಕನ್ಯೆಯರ ಕಥೆ ನಿಮಗೆಲ್ಲ ಗೊತ್ತು. ಬಂಕಿನಲ್ಲಿ ಎಣ್ಣೆ ಮುಗಿದಿದೆ, ಇವತ್ತೊಂದು ದಿನ ಬರೀ ಪೆಟ್ರೋಲಿನಲ್ಲಿ ಹೋಗೋಣ ಎನ್ನುವವನು ಯಾವ ಐವರ ಪಟ್ಟಿಗೆ ಸೇರುತ್ತಾನೆ ಎಂದು ಅವನೇ ನೋಡಿಕೊಳ್ಳಲಿ. ಘಾಟಿ ಇಳಿಯುವಾಗಿನ ಮಾತೂ ಇಲ್ಲೇ ಹೇಳಬೇಕು. ಎಣ್ಣೆ ಬೆರೆಸಿದ ಪೆಟ್ರೋಲಿನ ಗಾಡಿಯನ್ನು ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೈಲುಗಟ್ಟಲೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಎಣ್ಣೆ ಮಾತ್ರ ಹನಿಯಷ್ಟೇ ಸಿಗುತ್ತದೆ. ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ. ಎಂಜಿನ್ ಆರಿಸಿ ಉರುಳಿಸಿಕೊಂಡು ಬರುವ ಉಳಿತಾಯ ಮಾತ್ರ ಯಾರಿಗೂ ಬೇಡ. ಒದ್ದೆ ತಿರುವಿನಲ್ಲಿ ಬರೀ ಬ್ರೇಕನ್ನು ನಂಬಿದವರು ಏನಾದರು ಎಂದು ಈ ಕೋಣೆಯಲ್ಲಿ ಹೇಳಬೇಕಾದ ಅಗತ್ಯವಿಲ್ಲ. ಕ್ಲಚ್ ಇರುವ ಗಾಡಿಯಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಬಿಗಿದು ಎಳೆಯತೊಡಗಿದರೆ ಮೊದಲು ಕ್ಲಚ್ ಹಿಡಿಯಿರಿ, ಆಗ ಚಕ್ರವಾದರೂ ಬಿಡುಗಡೆಯಾಗುತ್ತದೆ.

ಹಾಗಾದರೆ ಟ್ಯೂನ್ ಮಾಡುವುದು ಹೇಗೆ? ತಿರುಪುಳಿ ಹಿಡಿಯುವ ಮೊದಲು ಬೇರೆ ನಾಲ್ಕು ಕಡೆ ನೋಡಬೇಕು. ಏರ್ ಫಿಲ್ಟರಿನಲ್ಲಿ ದೂಳು ಕಟ್ಟಿದ್ದರೆ ಗಾಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಅದನ್ನು ಬಿಟ್ಟು ಕಾರ್ಬುರೇಟರ್ ಬಿಚ್ಚುವುದು ಗುಡ್ಡ ಅಗೆದು ಇಲಿ ಹಿಡಿದಂತೆ. ಪ್ಲಗ್ ಕಳಚಿ ನೋಡಿ. ತುದಿ ಕಾಫಿಪುಡಿಯ ಅಥವಾ ಇಟ್ಟಿಗೆಯ ಬಣ್ಣವಿದ್ದರೆ ಮಿಶ್ರಣ ಸರಿ, ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು. ಅಂಥ ಬಿಳಿ ಪ್ಲಗ್ಗಿನ ಗಾಡಿಯನ್ನು ದೂರಕ್ಕೆ ಕೊಂಡೊಯ್ಯಬೇಡಿ. ಮೂರನೆಯದು, ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೋ ನೋಡಿ. ಅಲ್ಲಿ ಕಳ್ಳಗಾಳಿ ಹೊಕ್ಕರೆ ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಯಾವ ಸ್ಕ್ರೂಗೂ ಬಗ್ಗುವುದಿಲ್ಲ. ಕೊನೆಯದಾಗಿ ಆಕ್ಸಿಲರೇಟರ್ ಕೇಬಲ್ಲಿನಲ್ಲಿ ಎರಡು ಮೂರು ಮಿ.ಮೀ. ಸಡಿಲ ಇರಬೇಕು. ಹ್ಯಾಂಡಲ್ ತಿರುಗಿಸಿದಾಗ ರೇಸ್ ತಾನಾಗಿ ಏರಿದರೆ ಕೇಬಲ್ ಬಿಗಿಯಾಗಿದೆ ಎಂದು ತಿಳಿಯಿರಿ. ತಿರುವಿನಲ್ಲಿ ಅದು ಪ್ರಾಣಕ್ಕೆ ಸಂಚಕಾರ.

ಇಷ್ಟು ಸರಿಯಿದ್ದರೆ ಗಾಡಿಯನ್ನು ಐದು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ತಣ್ಣನೆಯ ಎಂಜಿನ್ನಿಗೆ ಮಾಡಿದ ಟ್ಯೂನಿಂಗ್ ಟ್ಯೂನಿಂಗೇ ಅಲ್ಲ. ಚೋಕ್ ಪೂರ್ತಿ ತೆಗೆದಿರಬೇಕು. ಸ್ಕ್ರೂಗಳು ಸಾಮಾನ್ಯವಾಗಿ ಎರಡು. ಒಂದು ಐಡ್ಲಿಂಗ್ ಸ್ಕ್ರೂ, ಸ್ಲೈಡನ್ನು ಎಷ್ಟು ಎತ್ತಿ ಹಿಡಿಯಬೇಕೆಂದು ಹೇಳುವುದು. ಇದನ್ನು ಒಳಕ್ಕೆ ತಿರುಗಿಸಿದರೆ ಎಂಜಿನ್ ಜೋರಾಗುತ್ತದೆ. ಇನ್ನೊಂದು ಮಿಶ್ರಣದ ಸ್ಕ್ರೂ. ಗೊಂದಲವೆಲ್ಲ ಈ ಎರಡನೆಯದರಲ್ಲಿ. ಅದು ಏರ್ ಫಿಲ್ಟರಿನ ಕಡೆಗೆ ಇದ್ದರೆ ಗಾಳಿಯ ಸ್ಕ್ರೂ, ಬಿಚ್ಚಿದರೆ ಗಾಳಿ ಹೆಚ್ಚು. ಎಂಜಿನ್ನಿನ ಕಡೆಗೆ ಇದ್ದರೆ ಮಿಶ್ರಣವನ್ನೇ ಅಳೆದು ಬಿಡುವ ಸ್ಕ್ರೂ, ಬಿಚ್ಚಿದರೆ ಪೆಟ್ರೋಲ್ ಹೆಚ್ಚು. ಹಳೆಯ ಟೂ ಸ್ಟ್ರೋಕುಗಳಲ್ಲಿ ಮೊದಲ ಜಾತಿಯೇ ಹೆಚ್ಚು, ಗೇರಿಲ್ಲದ ಫೋರ್ ಸ್ಟ್ರೋಕ್ ಸ್ಕೂಟರುಗಳಲ್ಲಿ ಎರಡನೆಯದು. ಕೆಲವು ಮೊಪೆಡ್ಡುಗಳಲ್ಲಿ ಎರಡನೆಯ ಸ್ಕ್ರೂ ಇಲ್ಲದೆಯೂ ಇರಬಹುದು. ಒಬ್ಬನ ಗಾಡಿಗೆ ಎಡಕ್ಕೆ ತಿರುಗಿಸಿದ್ದು ಸರಿಯಾಯಿತೆಂದು ಎಲ್ಲರೂ ಎಡಕ್ಕೆ ತಿರುಗಿಸಿದರೆ ಅರ್ಧ ಲೈನಿನ ಗಾಡಿಗಳು ಕೆಡುತ್ತವೆ.

ಈಗ ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ ಹೋಗಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದಿಟ್ಟುಕೊಳ್ಳಿ. ಕೆಟ್ಟರೆ ಮೊದಲಿದ್ದ ಜಾಗಕ್ಕೆ ಮರಳಲು ಆ ಲೆಕ್ಕ ಬೇಕು. ತಳ ಮುಟ್ಟಿದ ಮೇಲೆ ಬಿಗಿಯಬಾರದು, ತುದಿ ಸೂಜಿಯಂತೆ ಇರುವುದರಿಂದ ಕೂರುವ ಜಾಗವೇ ಹಾಳಾಗುತ್ತದೆ. ಗಂಡಸರಿಗಿಂತ ಎಲೆ ಕೀಳುವ ಅಕ್ಕಂದಿರ ಕೈ ಇದಕ್ಕೆ ವಾಸಿ ಎಂದು ನಾನು ಹೇಳಿದರೆ ಕೆಲವರಿಗೆ ಬೇಸರ. ಎರಡು ಎಲೆ ಒಂದು ಕುಡಿಯನ್ನು ಜಜ್ಜದೆ ತೆಗೆಯುವ ಬೆರಳಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ. ತಳದಿಂದ ಸುಮಾರು ಒಂದೂವರೆ ಸುತ್ತು ಬಿಚ್ಚಿ ಎಂಜಿನ್ ಹೊತ್ತಿಸಿ. ಐಡ್ಲಿಂಗ್ ಸ್ಕ್ರೂನಿಂದ ರೇಸನ್ನು ಸ್ವಲ್ಪ ಏರಿಸಿಕೊಳ್ಳಿ. ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಹತ್ತು ಎಣಿಸುವವರೆಗೆ ಕಾಯಿರಿ, ಕಿವಿಗೊಡಿ. ಸದ್ದು ಏರಿದರೆ ಅದೇ ಕಡೆಗೆ ಇನ್ನು ಕಾಲು ಸುತ್ತು, ಇಳಿದರೆ ಹಿಂದಕ್ಕೆ. ಎಂಜಿನ್ ಎಲ್ಲಿ ಅತಿ ಜೋರಾಗಿಯೂ ಸಮನಾಗಿಯೂ ಓಡುತ್ತದೋ ಅದೇ ಜಾಗ. ಆಮೇಲೆ ಐಡ್ಲಿಂಗ್ ಸ್ಕ್ರೂ ಬಿಚ್ಚಿ ಸದ್ದನ್ನು ಇಳಿಸಿ, ಮತ್ತೊಮ್ಮೆ ಮಿಶ್ರಣವನ್ನು ನೋಡಿ. ಎರಡು ಸ್ಕ್ರೂಗಳನ್ನು ಒಟ್ಟಿಗೆ ತಿರುಗಿಸಬೇಡಿ, ಯಾವುದರಿಂದ ಏನಾಯಿತೆಂದು ಮೆಕ್ಯಾನಿಕ್ಕಿನ ಗುರುವಿಗೂ ತಿಳಿಯದು.

ಪರೀಕ್ಷೆ ಹೀಗೆ. ಆಕ್ಸಿಲರೇಟರನ್ನು ಥಟ್ಟನೆ ಕೊಟ್ಟು ಬಿಡಿ. ಒಂದು ಗಳಿಗೆ ಉಸಿರು ಹಿಡಿದಂತೆ ತಡವರಿಸಿ ಆಮೇಲೆ ಏರಿದರೆ, ಅಥವಾ ಬಿಟ್ಟ ಮೇಲೂ ಸದ್ದು ಮೇಲೆಯೇ ನಿಂತು ತಡವಾಗಿ ಇಳಿದರೆ ಗಾಳಿ ಹೆಚ್ಚು. ಭಾರವಾಗಿ ಡಬಡಬ ಎಂದು ಏರಿ, ಬಿಟ್ಟೊಡನೆ ತೀರಾ ಇಳಿದು ಆರಲು ಹೋದರೆ ಪೆಟ್ರೋಲ್ ಹೆಚ್ಚು. ಇನ್ನೂ ಸುಲಭದ ಗುರುತೂ ಇದೆ. ಬಿಸಿಯಾದ ಎಂಜಿನ್ ಸ್ವಲ್ಪ ಚೋಕ್ ಎಳೆದಾಗ ಚೆನ್ನಾಗಿ ಓಡಿದರೆ ಅದಕ್ಕೆ ಪೆಟ್ರೋಲ್ ಸಾಲದು. ಸ್ಕ್ರೂ ಮೂರು ಸುತ್ತು ದಾಟಿದರೂ, ಅಥವಾ ಅರ್ಧ ಸುತ್ತಿಗೇ ಬಂದರೂ ಸರಿಯಾಗದಿದ್ದರೆ ತೊಂದರೆ ಒಳಗಿನ ಜೆಟ್ಟಿನದು. ಆಗ ಬಟ್ಟಲು ಬಿಚ್ಚಬೇಕು.

ಜೆಟ್ ಕಟ್ಟಿದ್ದರೆ ತಂತಿ ಚುಚ್ಚಬೇಡಿ. ಮದ್ದು ಹೊಡೆಯುವ ನಾಜಲ್ಲಿಗೆ ಮೊಳೆ ತೂರಿಸಿದರೆ ಆಮೇಲೆ ಡಬ್ಬಿಗಟ್ಟಲೆ ಮದ್ದು ಸುರಿಯುವುದನ್ನು ಮೇಸ್ತ್ರಿ ಬೈದು ಹೇಳಿದ್ದಾರಲ್ಲ, ಇಲ್ಲಿಯೂ ಹಾಗೆಯೇ. ಕೂದಲಿನಷ್ಟು ಅಗಲವಾದರೂ ಗಾಡಿಯ ಕುಡಿತ ಬದಲಾಗುತ್ತದೆ. ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಊದಿ, ಬೆಳಕಿಗೆ ಹಿಡಿದು ನೋಡಿ. ನೀಡಲ್ಲಿನ ಕ್ಲಿಪ್ಪಿನ ಬಗ್ಗೆಯೂ ಒಂದು ಮಾತು. ಕ್ಲಿಪ್ಪನ್ನು ಮೇಲಿನ ಗಾಡಿಗೆ ಹಾಕಿದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ, ಕೆಳಗಿನ ಗಾಡಿಗೆ ಹಾಕಿದರೆ ಹೆಚ್ಚಾಗುತ್ತದೆ. ಇಲ್ಲಿ ಗಾಡಿ ಎಂದರೆ ನೀಡಲ್ಲಿನ ಮೇಲೆ ಕೊರೆದ ಗೆರೆ, ನಗಬೇಡಿ, ವರ್ಕ್‌ಶಾಪಿನ ಮಾತು ಹಾಗಿದೆ. ಒಂದು ಸಲಕ್ಕೆ ಒಂದೇ ಗೆರೆ ಬದಲಿಸಿ. ಬೆಟ್ಟದಲ್ಲಿ ಬದುಕುವ ಗಾಡಿಗೆ ಬೆಟ್ಟದಲ್ಲೇ ಟ್ಯೂನ್ ಮಾಡಿಸಿ. ಮೇಲೂ ಕೆಳಗೂ ಓಡಾಡುವ ಗಾಡಿಯಾದರೆ ಮೇಲೆ ಸ್ವಲ್ಪ ಹೊಗೆಯಾಡಿದರೂ ಚಿಂತೆಯಿಲ್ಲ, ಕೆಳಗಿನ ಗಾಳಿಗೆ ಸರಿಯಿರಲಿ. ಮಸಿ ಹಿಡಿದ ಪ್ಲಗ್ಗನ್ನು ಉಜ್ಜಿ ಹಾಕಬಹುದು, ಕರಗಿದ ಪಿಸ್ಟನ್ನನ್ನು ಉಜ್ಜಿ ಹಾಕಲಾಗದು.

ಮೈಲೇಜಿನ ಆಸೆಗೆ ಎಂಜಿನ್ನಿನ ಹೊಟ್ಟೆ ಒಣಗಿಸುವುದನ್ನು ಕಂಡಾಗ ನನಗೆ ಕೆಲವು ತೋಟಗಳ ನೆನಪಾಗುತ್ತದೆ. ಅಲ್ಲೂ ಲೆಕ್ಕ ಹೀಗೇ ಹಾಕುತ್ತಾರೆ. ಆ ಮಾತು ಬೋನಸ್ಸಿನ ಕೂಟಕ್ಕೆ ಇರಲಿ.

ಈ ಕೆಲಸವನ್ನು ಲೈನ್ ಮನೆಯ ಒಳಗೆ ಮಾಡಬೇಡಿ. ಮಳೆ, ಚಳಿ ಎಂದು ಗಾಡಿಯನ್ನು ಒಳಗೆಳೆದು ಬಾಗಿಲು ಮುಚ್ಚಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತೂಕಡಿಕೆ, ಆಮೇಲೆ ಏಳುವುದೇ ಇಲ್ಲ. ತೊಟ್ಟಿಲ ಕೂಸು ಎಲ್ಲರಿಗಿಂತ ಮೊದಲು ಹೋಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಲೆಯವರೆಗೆ ಹೋಗುತ್ತದೆ. ಅಂಗಳದಲ್ಲಿ, ಬೀಡಿ ಆರಿಸಿ ಮಾಡಿ. ಬಟ್ಟಲಿನಿಂದ ಬಸಿದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಗೆ ಹಾಕಿ ಗೂಡಿನಲ್ಲಿ ಇಡಬೇಡಿ, ಮಕ್ಕಳು ಕುಡಿಯುತ್ತಾರೆ.

ಮಳೆಗಾಲದ ಮಾತೊಂದು ಉಳಿದಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, 2025ರಲ್ಲಿ ಅದು ನೂರಕ್ಕೆ 20ಕ್ಕೆ ಮುಟ್ಟಿತು. ಎಥನಾಲ್ ನೀರನ್ನು ಹೀರುವ ವಸ್ತು. ನಮ್ಮ ಮಂಜಿನಲ್ಲಿ ತಿಂಗಳು ನಿಂತ ಗಾಡಿಯ ಬಟ್ಟಲಿನಲ್ಲಿ ನೀರು ತಳ ಸೇರಿದರೆ ಕಿಕ್ ಹೊಡೆದು ಹೊಡೆದು ಕಾಲು ಬೀಳುತ್ತದೆ. ಹಳೆಯ ಪೈಪು, ರಬ್ಬರುಗಳೂ ಇದರಿಂದ ಬೇಗ ಉಬ್ಬಿ ಬಿರಿಯಬಹುದು, ಆಗಾಗ ಮುಟ್ಟಿ ನೋಡಿ. ಅದೂ ಅಲ್ಲದೆ ಎಥನಾಲಿಗೆ ಉರಿಯಲು ಗಾಳಿ ಕಡಿಮೆ ಸಾಕು. ಹಳೆಯ ಜೆಟ್ಟಿನಲ್ಲಿ ಇದೇ ಪೆಟ್ರೋಲ್ ಹೋದರೆ ಮಿಶ್ರಣ ಮೊದಲಿಗಿಂತ ಸ್ವಲ್ಪ ಒಣಗುತ್ತದೆ. ಹತ್ತು ವರ್ಷದ ಹಿಂದೆ ಸರಿಯಿದ್ದ ಸೆಟ್ಟಿಂಗನ್ನು ಇವತ್ತು ಇನ್ನೂ ಒಣಗಿಸುವ ಹಾಗಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ಗಾಡಿಯನ್ನು ಹೆಚ್ಚು ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಬಸಿದುಬಿಡಿ.

ಗಾಡಿ ತಂದವರು ಈಗ ಹೊರಗೆ ಬನ್ನಿ. ಪೂಜೆಗೆ ಬಂದಾಗ ಬಿಸಿಯಾಗಿದ್ದ ಎಂಜಿನ್ನುಗಳು ಇಷ್ಟರಲ್ಲಿ ಆರಿವೆ. ಒಬ್ಬೊಬ್ಬರು ಫ್ಯಾಕ್ಟರಿ ಗೇಟಿನವರೆಗೆ ಹೋಗಿ ಬನ್ನಿ. ತಿರುಪುಳಿ ನನ್ನಲ್ಲಿ ಎರಡಿವೆ, ಸ್ಕ್ರೂ ತಿರುಗಿಸುವವರು ನೀವೇ.